ಅಮೆರಿಕದ ಅಧ್ಯಕ್ಷರಿಗೆ, ಅಘನಾಶಿನಿ ದಂಡೆಯ ಕಿರಾಣಿ ಅಂಗಡಿಯಿಂದ

ಕುಮಟಾ ತಾಲ್ಲೂಕು, ಉತ್ತರ ಕನ್ನಡ
ಅಕ್ಟೋಬರ್ 2025, ದೊಡ್ಡಹಬ್ಬ (ದೀಪಾವಳಿ) ಮುಗಿದ ವಾರ

ಮಾನ್ಯ ಅಧ್ಯಕ್ಷರೇ,

ನಾನು ಅಂಗಡಿಯವ. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿಂದ ತುಸು ಮೇಲೆ, ರಾತ್ರಿ ತದಡಿ ಬಂದರಿನ ದೀಪ ಕಾಣುವಷ್ಟು ದೂರದಲ್ಲಿ ನಮ್ಮ ಊರು. ಅಪ್ಪ ಇಟ್ಟ ಕಿರಾಣಿ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದೇನೆ. ಸಕ್ಕರೆ, ಚಾಪುಡಿ, ಸಾಣಿಕಟ್ಟೆಯ ಉಪ್ಪು, ಬಲೆ ಹೊಲಿಯುವ ನೂಲು, ಮಕ್ಕಳ ಪಟ್ಟಿ, ಎಲೆ ಅಡಿಕೆ, ಮೊಬೈಲ್ ರೀಚಾರ್ಜ್. ನನ್ನ ವ್ಯಾಪಾರ ಇಷ್ಟರಲ್ಲಿ ಮುಗಿಯಿತು. ನಿಮಗೂ ನನಗೂ ನಡುವೆ ಒಂದು ಲೆಕ್ಕ ಇದೆ ಎನ್ನುವುದು ಈ ಏಪ್ರಿಲ್‌ವರೆಗೆ ನನಗೆ ಗೊತ್ತಿರಲಿಲ್ಲ.

ನಿಮ್ಮ ಹೆಸರನ್ನು ಇಲ್ಲಿ ಎಲ್ಲೂ ಬರೆಯುವುದಿಲ್ಲ. ಅಗೌರವ ಎಂದು ತಿಳಿಯಬೇಡಿ. ಉದ್ರಿ ಪುಸ್ತಕದಲ್ಲಿ ಬಾಕಿ ಇರುವವರ ಹೆಸರನ್ನು ನಾಲ್ಕು ಜನರ ಎದುರು ಆಡಬಾರದು ಎಂದು ಅಪ್ಪ ಕಲಿಸಿದ್ದ. ಎಷ್ಟು ಬಾಕಿ ಎನ್ನಬಹುದು, ಯಾವುದಕ್ಕೆ ಎನ್ನಬಹುದು, ಹೆಸರು ಮಾತ್ರ ಕೂಡದು. ಹಾಗಾಗಿ ನೀವು ಕೂತಿರುವ ಕುರ್ಚಿಗೆ ಬರೆಯುತ್ತಿದ್ದೇನೆ.

ನನ್ನ ಉದ್ರಿ ಪುಸ್ತಕದ್ದು ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಮನೆಗೊಂದು ಪುಟ. ಓದಲು ಬಂದವನಿಗೆ ಅದರಲ್ಲಿ ಊರಿನ ಮನೆಗಳ ಒಳಗು ಕಾಣುತ್ತದೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಜ್ವರ, ಯಾರ ಹುಡುಗ ಬೀಡಿ ಬಿಟ್ಟು ಸಿಗರೇಟಿಗೆ ಏರಿದ, ಎಲ್ಲ. ಅಕ್ಕಿ ನೋಡಿ ಬಡತನ ಅಳೆಯುವ ಕಾಲ ಹೋಯಿತು. ಅನ್ನಭಾಗ್ಯದ ಅಕ್ಕಿ ಮನೆಗೆ ಬರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನ ಹೆಂಗಸರು ಹಳೆ ಬಾಕಿಗೆ ಒಂದಿಷ್ಟು ಕೊಟ್ಟು ಹೋಗುತ್ತಾರೆ. ಈಗ ಅಳತೆ ಎಂದರೆ ತೆಂಗಿನೆಣ್ಣೆ ಮತ್ತು ಮಕ್ಕಳ ಬಿಸ್ಕತ್ತು. ಲೀಟರ್ ಒಯ್ಯುವವರು ಅರ್ಧ ಲೀಟರಿಗೆ ಇಳಿದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ತೆಂಗಿನೆಣ್ಣೆ ಈ ವರ್ಷ ಮುಟ್ಟಿದರೆ ಸುಡುವಷ್ಟು ತುಟ್ಟಿಯಾಗಿದೆ. ಅದನ್ನು ನಿಮ್ಮ ಪುಟಕ್ಕೆ ಹಾಕುವುದಿಲ್ಲ. ಏಪ್ರಿಲ್ ಮೊದಲಲ್ಲಿ ಡೀಸೆಲ್ ಎರಡು ರೂಪಾಯಿ ಏರಿದ್ದು ನಮ್ಮ ರಾಜ್ಯ ಸರ್ಕಾರದ ತೆರಿಗೆಯಿಂದ. ಅದರ ಬೆನ್ನಿಗೇ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಹೆಚ್ಚಿದ್ದು ದಿಲ್ಲಿಯಲ್ಲಿ. ಅವಕ್ಕೆಲ್ಲ ಬೇರೆ ಪುಟಗಳಿವೆ. ಯಾರ ಬಾಕಿ ಯಾರ ಪುಟಕ್ಕೆ ಎಂಬಲ್ಲಿ ಕೈ ತಪ್ಪಿದರೆ ಅಂಗಡಿ ನಿಲ್ಲುವುದಿಲ್ಲ.

ನಿಮ್ಮ ಪುಟ ಶುರುವಾಗುವುದು ಏಪ್ರಿಲ್ 3ರ ಬೆಳಗಿನಿಂದ. ನಿಮ್ಮಲ್ಲಿ ಅದು ಎರಡನೇ ತಾರೀಕಿನ ಸಂಜೆ. ಭಾರತದ ಸರಕಿಗೆ ಶೇ 26 ಸುಂಕ ಎಂದು ನೀವು ದೊಡ್ಡ ಹಲಗೆ ಎತ್ತಿ ಹಿಡಿದಿರಿ. ಅದನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ನೋಡಿದವನು ನನ್ನ ಹೆಂಡತಿಯ ಅಣ್ಣ. ಅವನಿಗೆ ಹೊಳೆಬದಿಯಲ್ಲಿ ಗುತ್ತಿಗೆಗೆ ಹಿಡಿದ ಎರಡು ಶೆಟ್ಲಿ ಹೊಂಡಗಳಿವೆ. ಶೆಟ್ಲಿ ಎಂದರೆ ಸಿಗಡಿ. ಪೇಟೆಯವರು ಪ್ರಾನ್ ಎನ್ನುತ್ತಾರೆ, ನೀವು ಶ್ರಿಂಪ್ ಎನ್ನುತ್ತೀರಿ.

ಹೊಂಡದ ಲೆಕ್ಕ ಕೌಂಟಿನಲ್ಲಿ. ಕಿಲೋಗೆ ನೂರು ಬಂದರೆ ನೂರು ಕೌಂಟ್, ಸಣ್ಣದು. ಮೂವತ್ತು ಬಂದರೆ ಮೂವತ್ತು ಕೌಂಟ್, ದಪ್ಪದ್ದು, ದುಬಾರಿಯದು. ಸಂಖ್ಯೆ ಇಳಿದಷ್ಟೂ ಬೆಲೆ ಏರುತ್ತದೆ. ನಿಮ್ಮ ಜನ ಬಯಸುವುದು ದಪ್ಪದ್ದನ್ನೇ. ಅದಕ್ಕಾಗಿ ನಾಲ್ಕು ತಿಂಗಳ ಹತ್ತಿರ ಸಾಕಬೇಕು. ಖರ್ಚಿನ ಅರ್ಧಕ್ಕಿಂತ ಹೆಚ್ಚು ಆಹಾರಕ್ಕೇ ಹೋಗುತ್ತದೆ. ನೀರಿಗೆ ಗಾಳಿ ಕೊಡುವ ಏರೇಟರ್ ರಾತ್ರಿಯಿಡೀ ತಿರುಗಬೇಕು. ಕರೆಂಟು ಹೋದರೆ ಜನರೇಟರ್ ಹಾಕಲು ಹೊಂಡದ ಬದಿಯ ಗುಡಿಸಲಲ್ಲೇ ಮಲಗಬೇಕು. ಮೂರನೇ ತಿಂಗಳು ದಾಟಿದ ಮೇಲೆ ದಿನದಿನವೂ ಜೂಜು. ಇನ್ನೊಂದು ವಾರ ಸಾಕಿದರೆ ದಪ್ಪವಾಗುತ್ತದೆ, ಅಷ್ಟರೊಳಗೆ ಬಿಳಿಚುಕ್ಕೆ ರೋಗ ಹೊಕ್ಕರೆ ಹೊಂಡವೇ ಖಾಲಿ. ತೊಂಬತ್ತರ ದಶಕದಲ್ಲಿ ಆ ರೋಗ ಬಂದು ಟೈಗರ್ ಶೆಟ್ಲಿ ಸಾಕಿದವರೆಲ್ಲ ಕೈ ಸುಟ್ಟುಕೊಂಡಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ.

ಭಾವನ ಹೊಂಡ ಆಗ ಐವತ್ತರ ಆಸುಪಾಸಿಗೆ ಬಂದಿತ್ತು. ಇನ್ನು ಮೂರು ವಾರ ಎನ್ನುವುದು ಅವನ ಲೆಕ್ಕ. ಏಜೆಂಟನ ಫೋನು ಬಂತು. ದರ ಬಿದ್ದಿದೆ, ನಾಳೆ ಇನ್ನೂ ಬೀಳುತ್ತದೆ, ನಾಡಿದ್ದು ಕೊಳ್ಳುವವರೇ ಇರುವುದಿಲ್ಲ ಎಂದ. ಆಂಧ್ರದಲ್ಲಿ ಇದೇ ಗಲಾಟೆ. ಅಲ್ಲಿನ ಮುಖ್ಯಮಂತ್ರಿ ದಿಲ್ಲಿಗೆ ಪತ್ರ ಬರೆದ ಸುದ್ದಿಯೂ ಬಂತು. ಅದನ್ನು ಕೇಳಿ ಭಾವನಿಗೆ ಇದ್ದ ಧೈರ್ಯವೂ ಹೋಯಿತು. ಮುಖ್ಯಮಂತ್ರಿಯೇ ಹೆದರಿದ ಮೇಲೆ ನಾನ್ಯಾರು ಮಾರಾಯ ಎಂದ.

ಏಪ್ರಿಲ್ 7ರ ರಾತ್ರಿ ಹಿಡಿದರು. ನಾನೂ ಹೋಗಿದ್ದೆ, ಚಾ ಫ್ಲಾಸ್ಕು ಹಿಡಿದುಕೊಂಡು. ಇಳಿತ ನೋಡಿ ತೂಬಿನ ಹಲಗೆ ಎತ್ತಿ, ಬಾಯಿಗೆ ಚೀಲದ ಬಲೆ ಕಟ್ಟಿ ನೀರು ಬಿಟ್ಟರು. ನೀರಿನ ಜೊತೆ ಬಂದು ಬಲೆಯಲ್ಲಿ ಪಟಪಟ ಹಾರುವ ಶೆಟ್ಲಿಯನ್ನು ಬುಟ್ಟಿಬುಟ್ಟಿಯಾಗಿ ಐಸು ನೀರಿಗೆ ಸುರಿಯಬೇಕು. ಎಂಟು ಜನ ಸೊಂಟದವರೆಗೆ ಕೆಸರಿನಲ್ಲಿ. ಏಜೆಂಟನ ಹುಡುಗ ಒಂದು ಕಿಲೋ ತೂಗಿ, ನೀಲಿ ಟ್ರೇಗೆ ಸುರಿದು, ಒಂದೊಂದನ್ನೇ ಬೆರಳಿನಿಂದ ಸರಿಸುತ್ತ ಎಣಿಸಿದ. ಐವತ್ತೆರಡು. ಭಾವ ಇನ್ನೊಮ್ಮೆ ಎಣಿಸು ಎಂದ. ಐವತ್ತೆರಡೇ. ಬೆಳಗಾಗುವ ಮುಂಚೆ ಲಾರಿ ಹೋಯಿತು.

ಏಪ್ರಿಲ್ 10ರ ಬೆಳಿಗ್ಗೆ ಅದೇ ಕಟ್ಟೆ, ಅದೇ ಮೊಬೈಲ್. ಸುಂಕವನ್ನು 90 ದಿನ ತಡೆಹಿಡಿದಿರಿ ಎಂಬ ಸುದ್ದಿ. ಎಲ್ಲ ದೇಶಕ್ಕೂ ಹಾಕಿದ ಶೇ 10 ಮಾತ್ರ ಉಳಿಯಿತು.

ನಿಮ್ಮ ಲೆಕ್ಕದಲ್ಲಿ ಅದು ಏಳು ದಿನದ ಮಾತು. ಘೋಷಿಸಿದಿರಿ, ಪೇಟೆ ಅಲುಗಾಡಿತು, ತಡೆದಿರಿ. ಭಾವನ ಲೆಕ್ಕದಲ್ಲಿ ಆ ಏಳು ದಿನದೊಳಗೆ ಒಂದು ವರ್ಷ ಇತ್ತು. ಶೆಟ್ಲಿ ಆಹಾರದ ಅಂಗಡಿಯವರು ಹೊಂಡ ಹಿಡಿದ ಮೇಲೆ ದುಡ್ಡು ಬರುವ ಭರವಸೆ ಮೇಲೆ ಉದ್ರಿ ಕೊಟ್ಟಿರುತ್ತಾರೆ. ಅವರಿಗೆ ಪೂರ್ತಿ ಚುಕ್ತಾ ಆಗಲಿಲ್ಲ. ಕರೆಂಟು ಬಿಲ್ಲು ಕಟ್ಟಿದ. ಆ ರಾತ್ರಿ ಕೆಸರಿಗಿಳಿದ ಎಂಟು ಜನರಿಗೆ ಕೂಲಿ ಕೊಟ್ಟ, ಪ್ರತಿ ವರ್ಷ ಕೊಡುವ ಮೇಲಿನ ಐನೂರು ಕೊಡಲಿಲ್ಲ. ಆ ಎಂಟರಲ್ಲಿ ಐವರ ಪುಟ ನನ್ನ ಪುಸ್ತಕದಲ್ಲಿದೆ. ಹೇಗೆ ನಿಮ್ಮ ಬಾಕಿ ನನ್ನವರೆಗೆ ಬಂತು ಎಂದು ತಿಳಿಯಿತಲ್ಲ?

ಸುಂಕ ಕಟ್ಟುವುದು ನಿಮ್ಮದೇ ದೇಶದ ಆಮದುದಾರ ಎಂಬುದು ನನಗೂ ಗೊತ್ತು. ಆದರೆ ಕಟ್ಟುವವನು ಒಬ್ಬ, ಹೊರುವವನು ಇನ್ನೊಬ್ಬ. ಆಮದುದಾರ ನಮ್ಮ ರಫ್ತುದಾರನಿಗೆ ದರ ಇಳಿಸು ಎಂದ. ರಫ್ತುದಾರ ಏಜೆಂಟನಿಗೆ ಹೇಳಿದ, ಏಜೆಂಟ ಭಾವನಿಗೆ. ಭಾವ ಯಾರಿಗೆ ಹೇಳಬೇಕು? ಆಹಾರ ಕಮ್ಮಿ ತಿನ್ನು ಎಂದು ಶೆಟ್ಲಿಗೆ ಹೇಳಲು ಬರುವುದಿಲ್ಲ. ಅವನು ಕೆಲಸಕ್ಕೆ ಕರೆಯುವ ಜನರನ್ನು ಕಮ್ಮಿ ಮಾಡಿದ. ಅವರು ನನ್ನ ಅಂಗಡಿಯಲ್ಲಿ ಒಯ್ಯುವುದನ್ನು ಕಮ್ಮಿ ಮಾಡಿದರು. ನಾನು ಕುಮಟೆಯ ಹೋಲ್‌ಸೇಲ್‌ನಿಂದ ತರುವುದನ್ನು ಕಮ್ಮಿ ಮಾಡಿದೆ. ಅದರಾಚೆ ಎಲ್ಲಿಗೆ ಹೋಗುತ್ತದೋ.

ಇದಾದ ಮೇಲೆ ಮಳೆಗಾಲ. ಮಳೆಗಾಲದಲ್ಲಿ ಹೊಳೆಯೆಲ್ಲ ಸಿಹಿನೀರು, ಹೊಂಡಕ್ಕೆ ಬಿಡುವು. ಆ ಬಿಡುವಿನಲ್ಲಿ ನೀವು ಮತ್ತೆ ಶುರು ಮಾಡಿದಿರಿ. ಆಗಸ್ಟ್ 7ರಿಂದ ಶೇ 25. ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಎಂದು ದಂಡವಾಗಿ ಇನ್ನೊಂದು 25, ಆಗಸ್ಟ್ 27ರಿಂದ. ಅಂದು ನಮಗೆ ಚೌತಿ. ಗಣಪತಿಯನ್ನು ತಂದು ಕೂರಿಸಿ ಫಲಾವಳಿ ಕಟ್ಟುವ ಗಡಿಬಿಡಿಯಲ್ಲಿ ಮಧ್ಯಾಹ್ನದವರೆಗೆ ಯಾರೂ ಫೋನು ನೋಡಿರಲಿಲ್ಲ. ಮೊದಲೇ ಇದ್ದ ಆ್ಯಂಟಿ ಡಂಪಿಂಗ್ (ತೀರಾ ಅಗ್ಗಕ್ಕೆ ತಂದು ಸುರಿಯುತ್ತಾರೆಂದು ಹಾಕುವ) ಮೊದಲಾದ ಸುಂಕವೂ ಸೇರಿ ಭಾರತದ ಶೆಟ್ಲಿಗೆ ಈಗ ಶೇ 58ರ ಹತ್ತಿರ. ಈಕ್ವೆಡಾರಿನವರಿಗೆ 15, ಇಂಡೋನೇಷ್ಯಾ ಮತ್ತು ಥಾಯ್ಲೆಂಡಿನವರಿಗೆ 19, ವಿಯೆಟ್ನಾಮಿನವರಿಗೆ 20. ಪಕ್ಕದ ಅಂಗಡಿಯಲ್ಲಿ ಅದೇ ಸಕ್ಕರೆ ಅಷ್ಟು ಕಮ್ಮಿಗೆ ಸಿಕ್ಕಿದರೆ ನನ್ನ ಕಟ್ಟೆ ಹತ್ತುವವರಾರು?

ರಷ್ಯಾದ ಎಣ್ಣೆಯ ಬಗ್ಗೆ ಒಂದು ಮಾತು. ಅದು ಅಗ್ಗಕ್ಕೆ ಬರುತ್ತದೆ ಎಂದು ಮೂರು ವರ್ಷದಿಂದ ಪೇಪರಿನಲ್ಲಿ ಓದುತ್ತಿದ್ದೇನೆ. ನಮ್ಮೂರಿನ ದೋಣಿಗೆ, ಭಾವನ ಜನರೇಟರಿಗೆ, ನನ್ನ ಸರಕು ತರುವ ಟೆಂಪೋಗೆ ಆ ಅಗ್ಗ ಎಂದೂ ಬಂದು ಮುಟ್ಟಲಿಲ್ಲ. ಲಾಭ ಬೇರೆಯವರ ಮನೆ ಬಾಗಿಲಿಗೆ ಹೋಯಿತು, ದಂಡದ ಚೀಟಿ ವಿಳಾಸ ತಪ್ಪಿ ನಮ್ಮ ಬಾಗಿಲಿಗೆ ಬಂತು. ಅದೇ ಎಣ್ಣೆಯನ್ನು ನಮಗಿಂತ ಹೆಚ್ಚು ಕೊಳ್ಳುವ ಚೀನಾಕ್ಕೆ ಈ ದಂಡ ಇಲ್ಲ ಎನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನಿರ್ಬಂಧ ಎಂದರೇ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಕಡಲಿನಲ್ಲಿ ಟ್ರಾಲರ್ ಹಿಡಿದ ನಮ್ಮ ಶೆಟ್ಲಿಯನ್ನು ನಿಮ್ಮ ದೇಶ 2019ರಿಂದಲೇ ಕೊಳ್ಳುತ್ತಿಲ್ಲ. ಬಲೆಗೆ ಆಮೆ ತಪ್ಪಿಸಿಕೊಳ್ಳುವ ಸಾಧನ ಅಳವಡಿಸಿಲ್ಲ ಎಂಬ ಕಾರಣಕ್ಕೆ. ಇಲ್ಲಿ ಕೆಲವರು ಅದಕ್ಕೂ ಬೈದರು. ನಾನು ಬೈಯಲಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಮರಳಿನಲ್ಲಿ ಆ ಆಮೆಗಳು ಮೊಟ್ಟೆ ಇಡಲು ಬರುವುದನ್ನು ಕಂಡಿದ್ದೇನೆ. ಬಲೆ ತಿದ್ದಿಕೊಳ್ಳಿ, ಕೊಳ್ಳುತ್ತೇವೆ ಎಂದರೆ ಅದಕ್ಕೊಂದು ತಲೆಬುಡ ಇದೆ. ಮೀನುಗಾರನ ಕೈಯಲ್ಲಿ ಮಾಡಲು ಒಂದು ಕೆಲಸ ಇದೆ. ಎಣ್ಣೆ ಕೊಂಡಿದ್ದಕ್ಕೆ ಶೆಟ್ಲಿಗೆ ದಂಡ ಎಂದರೆ ಭಾವ ಏನನ್ನು ತಿದ್ದಿಕೊಳ್ಳಬೇಕು?

ಇನ್ನೊಂದು ಸಂಗತಿ ನಿಮಗೆ ಯಾರೂ ಹೇಳಿರಲಾರರು. ನಾವು ಸಾಕುವ ಈ ವನ್ನಾಮೆ ಶೆಟ್ಲಿ ನಮ್ಮ ಹೊಳೆಯದ್ದಲ್ಲ, ನಿಮ್ಮ ಕಡೆಯದ್ದು. ಲ್ಯಾಟಿನ್ ಅಮೆರಿಕದ ಪೆಸಿಫಿಕ್ ದಂಡೆಯ ಜಾತಿ. 2009ರಲ್ಲಿ ಇದನ್ನು ಸಾಕಲು ಇಲ್ಲಿ ಪರವಾನಗಿ ಸಿಕ್ಕಿತು. ರೋಗವಿಲ್ಲದ ತಾಯಿ ಶೆಟ್ಲಿ ಬಹುಪಾಲು ನಿಮ್ಮ ಫ್ಲೋರಿಡಾ, ಹವಾಯಿ ಕಡೆಯಿಂದ ವಿಮಾನದಲ್ಲಿ ಬರುತ್ತದೆ. ಚೆನ್ನೈಯಲ್ಲಿ ಕ್ವಾರಂಟೈನ್ ಮುಗಿಸಿ ಹ್ಯಾಚರಿಗೆ ಹೋಗುತ್ತದೆ, ಅದರ ಮರಿ ನಮ್ಮ ಹೊಂಡಕ್ಕೆ. 2024ರ ಬಜೆಟ್‌ನಲ್ಲಿ ತಾಯಿ ಶೆಟ್ಲಿಯ ಆಮದು ಸುಂಕವನ್ನು ದಿಲ್ಲಿಯವರು ಶೇ 5ಕ್ಕೆ ಇಳಿಸಿದರು. ತಾಯಿ ಬರುವಾಗ ಐದು, ಮಗಳು ತವರಿಗೆ ಹೋಗುವಾಗ ಐವತ್ತೆಂಟು. ನಮ್ಮ ಕಡೆ ಬೀಗರು ಇಷ್ಟಕ್ಕೇ ಮಾತು ಬಿಡುತ್ತಾರೆ.

ಮಗಳೊಬ್ಬಳೇ ಅಲ್ಲ. 2024-25ರಲ್ಲಿ ಭಾರತ ಕಳಿಸಿದ ಒಟ್ಟು ಮೀನು ಸರಕು 62,408 ಕೋಟಿ ರೂಪಾಯಿಯದ್ದು. ಅದರಲ್ಲಿ ಮೂರನೇ ಎರಡು ಪಾಲು ಫ್ರೋಜನ್ ಶೆಟ್ಲಿಯೊಂದರಿಂದಲೇ, ಅದನ್ನು ಎಲ್ಲರಿಗಿಂತ ಹೆಚ್ಚು ಕೊಂಡವರು ನೀವು. ಈ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಪಾಲು ಆಂಧ್ರದ ಎದುರು ಚಿಟಿಕೆ ಉಪ್ಪಿನಷ್ಟು. ಚಿಟಿಕೆ ಎಂದೇ ನಮ್ಮ ಹೊಂಡಗಳ ಸುದ್ದಿ ಯಾವ ಟಿವಿಯಲ್ಲೂ ಬರುವುದಿಲ್ಲ.

ಈ ಕುರ್ಚಿಯ ಸಹಿ ನಮ್ಮ ಜಿಲ್ಲೆಗೆ ಬಂದಿದ್ದು ಇದೇ ಮೊದಲಲ್ಲ. 1861ರ ಏಪ್ರಿಲ್‌ನಲ್ಲಿ (ಏಪ್ರಿಲ್ ತಿಂಗಳಿಗೂ ನಿಮ್ಮ ಕುರ್ಚಿಗೂ ಏನು ನಂಟೋ) ನಿಮ್ಮ ಅಂತರ್ಯುದ್ಧ ಶುರುವಾದಾಗ ಅಬ್ರಹಾಂ ಲಿಂಕನ್ ನಿಮ್ಮ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿತು. ಬ್ರಿಟಿಷರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿಯಲ್ಲೂ ನಿಮ್ಮ ನ್ಯೂ ಆರ್ಲಿಯನ್ಸ್ ಬೀಜದ್ದೊಂದು ಜಾತಿ ಇತ್ತು, ‘ಧಾರವಾಡ ಅಮೆರಿಕನ್’ ಎಂದೇ ಅದಕ್ಕೆ ಹೆಸರು. ಸಾಗಿಸಲು ಹತ್ತಿರದ ಬಂದರು ಕಾರವಾರ. ಆದರೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸಿನಲ್ಲಿ. ಹಾಗಾಗಿ 1862ರಲ್ಲಿ ಇಡೀ ಉತ್ತರ ಕನ್ನಡವನ್ನೇ ಎತ್ತಿ ಮುಂಬಯಿಗೆ ಸೇರಿಸಿದರು. ಘಟ್ಟ ಕಡಿದು ರಸ್ತೆ ಮಾಡಿದರು, ಬಂದರು ಎಬ್ಬಿಸಿದರು. 1865ಕ್ಕೆ ನಿಮ್ಮ ಯುದ್ಧ ಮುಗಿಯಿತು, ಹತ್ತಿಯ ದರ ನೆಲ ಕಚ್ಚಿತು. ಕಾರವಾರಕ್ಕೆ ಬರಬೇಕಿದ್ದ ರೈಲು ಮುಂದೆ ಗೋವೆಯ ಮರ್ಮಗೋವಾಕ್ಕೆ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂದು ನಾವು ಇವತ್ತಿಗೂ ಮನವಿ ಕೊಡುತ್ತಲೇ ಇದ್ದೇವೆ. ಜಿಲ್ಲೆ ಮಾತ್ರ 1956ರ ನವೆಂಬರ್ 1ರವರೆಗೆ ಮುಂಬಯಿಯಲ್ಲೇ ಉಳಿಯಿತು.

ಲಿಂಕನ್ನರ ಕಾರಣ ದೊಡ್ಡದು. ಮನುಷ್ಯರನ್ನು ಮಾರುವ ವ್ಯವಸ್ಥೆಯ ಎದುರು ನಿಂತ ಯುದ್ಧ ಅದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಕಾರವಾರ ಎಂಬ ಊರಿದೆ ಎಂದು ಅವರಿಗೆ ತಿಳಿದೇ ಇರಲಿಕ್ಕಿಲ್ಲ. ತಿಳಿಯದೆಯೂ ಒಂದು ಜಿಲ್ಲೆಯ ಯಜಮಾನನನ್ನು ಬದಲಿಸಿದರು. ನಿಮ್ಮ ಮೇಜಿನ ಮೇಲಿನ ಪೆನ್ನಿಗೆ ಅಷ್ಟು ಉದ್ದದ ನೆರಳಿದೆ.

ನೆರಳು ಘಟ್ಟದ ಮೇಲೂ ಬಿದ್ದಿದೆ. ಶಿರಸಿ ಕಡೆಯ ಒಬ್ಬರು ಹೆಗಡೆಯವರು ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿಗೆಂದು ನನ್ನಿಂದ ಸಾಣಿಕಟ್ಟೆಯ ಹರಳುಪ್ಪು ತರಿಸುತ್ತಾರೆ. ಮಗ ನಿಮ್ಮ ದೇಶದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಜ್ಜನ ಕಾರ್ಯಕ್ಕೆಂದು ಮಹಾಲಯ ಅಮಾವಾಸ್ಯೆಗೆ ಬಂದಿದ್ದ. ಸೆಪ್ಟೆಂಬರ್ 21 ಅಮಾವಾಸ್ಯೆ. ಇಪ್ಪತ್ತರ ಬೆಳಿಗ್ಗೆ, ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ನಿಮ್ಮ ಆದೇಶ ಬಂತು. ಕಂಪನಿಯವರು ಕೂಡಲೇ ವಾಪಸು ಬಾ ಎಂದರು. ತೋಟದಿಂದ ಬಾಳೆಲೆ ಕೊಯ್ದು ತಂದವನು ಎಲೆಯ ಕಟ್ಟನ್ನು ಜಗಲಿಯಲ್ಲಿಟ್ಟು ಕಾರು ಹತ್ತಿದ. ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟಿ ಟಿಕೆಟಿಗೆ ಅಲೆದು, ಬೆಳಗಾಗುವ ಹೊತ್ತಿಗೆ ನಿಮ್ಮವರ ಸ್ಪಷ್ಟನೆ ಬಂತು. ಹೊಸ ಅರ್ಜಿಗೆ ಮಾತ್ರ ಶುಲ್ಕ, ಮೊದಲೇ ವೀಸಾ ಇದ್ದವರಿಗೆ ಅಲ್ಲವಂತೆ. ಹೆಗಡೆಯವರು ಫೋನಿನಲ್ಲಿ ಉಪ್ಪಿನ ಮಾತಾಡುತ್ತ ಹೇಳಿದ್ದು ಇಷ್ಟೇ: “ಮಾಣಿ ಒಂದು ತುತ್ತೂ ಉಂಡಿದ್ನಿಲ್ಲೆ.”

ಅವರ ಮನೆಗೆ ಇದರಿಂದ ಹೊಟ್ಟೆಗೆ ಕಷ್ಟ ಬರಲಿಲ್ಲ, ತೋಟ ಇದೆ. ಆದರೂ ಇದನ್ನು ಬರೆದಿದ್ದು ಯಾಕೆಂದರೆ ಭಾವನದ್ದೂ ಇವರದ್ದೂ ಒಂದೇ ಕಥೆ. ಆದೇಶ ಮೊದಲು, ಅರ್ಥ ಆಮೇಲೆ. ನಡುವಿನ ಒಂದು ದಿನ, ಒಂದು ವಾರ ಯಾರದ್ದೋ ಮನೆಯಲ್ಲಿ ಸುಟ್ಟು ಹೋಗುತ್ತದೆ.

ಇನ್ನು ನಮ್ಮ ಪುಟ. ಏಕಪಕ್ಷ ಲೆಕ್ಕ ಬರೆಯಬಾರದಲ್ಲ.

ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ತಗ್ಗು ಗದ್ದೆಗೆ ನಾವು ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ. ಉಪ್ಪಿಗೂ ನೆರೆಗೂ ಜಗ್ಗದ ಜಾತಿ. ತೆನೆ ಮಾತ್ರ ಕೊಯ್ದು ದಂಟನ್ನು ನೀರಿಗೇ ಬಿಡುತ್ತಿದ್ದರು. ಅದು ಕೊಳೆತು ಮೀನಿಗೆ ಆಹಾರ. ಭರತದ ನೀರಿನೊಂದಿಗೆ ಶೆಟ್ಲಿ ಮರಿ ತಾನಾಗಿಯೇ ಒಳಗೆ ಬರುತ್ತಿತ್ತು. ಮರಿಗೆ ದುಡ್ಡಿಲ್ಲ, ಆಹಾರಕ್ಕೆ ದುಡ್ಡಿಲ್ಲ, ಕರೆಂಟಿಲ್ಲ. ಸಿಕ್ಕಿದ್ದು ಕಮ್ಮಿ, ಆದರೆ ಅದಕ್ಕೆ ಗಿರಾಕಿ ಕುಮಟೆಯ ಸಂತೆಯಲ್ಲೇ ಇದ್ದ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಎಂಬ ಮನ್ನಣೆ ಸಿಕ್ಕಿದೆ, 4,801 ಹೆಕ್ಟೇರ್. ಪಟ್ಟ ಬರುವ ಎಷ್ಟೋ ಮೊದಲೇ ನಾವು ಹಲವು ಗಜನಿಗಳಲ್ಲಿ ಕಗ್ಗ ಬಿಟ್ಟಿದ್ದೆವು. ಡಾಲರು ಕಂಡೆವು. ಎಂಟು ಸಾವಿರ ಮೈಲು ದೂರದ ಒಬ್ಬನೇ ಗಿರಾಕಿಯನ್ನು ನಂಬಿ ಹೊಂಡ ತೋಡಿದೆವು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿ ಮುಳುಗಿತು ಎಂದು ನನ್ನಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದ. ಭಾವ ಹೊಂಡ ಹಿಡಿದಾಗ ನಾನು ಅದನ್ನು ಅವನಿಗೆ ಹೇಳಲಿಲ್ಲ. ಹೊಂಡ ನಡೆದರೆ ನನ್ನ ಅಂಗಡಿಯೂ ನಡೆಯುತ್ತಿತ್ತಲ್ಲ. ಈ ಬಾಕಿ ನನ್ನ ಹೆಸರಲ್ಲೇ ಇರಲಿ.

ನಿಮ್ಮ ಲೂಯಿಸಿಯಾನಾದ ಶೆಟ್ಲಿ ಹಿಡಿಯುವವರಿಗೆ ಈ ಸುಂಕದಿಂದ ಖುಷಿಯಾಗಿದೆ ಎಂದು ಓದಿದೆ. ಅವರಿಗೆ ಒಳ್ಳೆಯದೇ ಆಗಲಿ, ಅವರ ಊರಿನಲ್ಲೂ ಒಂದು ಉದ್ರಿ ಪುಸ್ತಕ ಇರುತ್ತದೆ. ಆದರೆ ನೀವು ತಿನ್ನುವ ಶೆಟ್ಲಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊರಗಿನದು. ನಮ್ಮದು ಬಿಟ್ಟರೆ ಈಕ್ವೆಡಾರಿನದು ಬರುತ್ತದೆ, ಲೂಯಿಸಿಯಾನಾದ ದೋಣಿ ಅಷ್ಟನ್ನು ತುಂಬಲಾರದು.

ಈಗ ಬೆರಳಿನ ವಿಷಯ. ಊರಿನ ಮೇಲಿನಕೇರಿಯ ಒಬ್ಬ ಅಕ್ಕ ಶೆಟ್ಲಿ ಸುಲಿಯಲು ಹೋಗುತ್ತಾಳೆ. ನಸುಕಿಗೆ ವ್ಯಾನು ಬರುತ್ತದೆ, ಕತ್ತಲಾದ ಮೇಲೆ ತಂದು ಬಿಡುತ್ತದೆ. ಕಿಲೋ ಲೆಕ್ಕದ ಕೂಲಿ. ದಿನವಿಡೀ ಐಸು ನೀರಿನಲ್ಲಿ ಕೈ. ಅವಳು ನನ್ನ ಕಟ್ಟೆಯ ಮೇಲೆ ಚಿಲ್ಲರೆ ಎಣಿಸಿ ಇಡುವಾಗ ಬೆರಳ ತುದಿ ಯಾವಾಗಲೂ ಬೆಳ್ಳಗೆ ಮುದುಡಿಕೊಂಡು, ಸೀಳು ಬಿಟ್ಟಿರುತ್ತಿತ್ತು. ತಲೆ ಚಿವುಟುವ ಹೆಬ್ಬೆರಳಿನ ಉಗುರು ಅರ್ಧ ಸವೆದಿತ್ತು. ಸೀಳಿಗೆ ಹಚ್ಚಲು ವ್ಯಾಸಲೀನ್ ಒಯ್ಯುತ್ತಿದ್ದಳು, ಹತ್ತು ರೂಪಾಯಿಯ ಡಬ್ಬಿ. ಸೆಪ್ಟೆಂಬರಿನಿಂದ ವ್ಯಾನು ವಾರಕ್ಕೆ ಮೂರು ದಿನ ಬರುತ್ತಿತ್ತು. ಈಗ ಬರುವ ಹಿಂದಿನ ದಿನ ಫೋನು ಮಾಡುತ್ತೇವೆ ಎಂದಿದ್ದಾರಂತೆ.

ದೊಡ್ಡಹಬ್ಬದ ಹಿಂದಿನ ದಿನ ಬಂದಳು. ಬಲೀಂದ್ರನನ್ನು ಕೂರಿಸಬೇಕು, ಕಡುಬು ಆಗಬೇಕು. ಹೋದ ವರ್ಷದ ಪುಟ ತಿರುವಿ ನೋಡಿದೆ: ಬೆಲ್ಲ ಎರಡು ಕಿಲೋ, ತೆಂಗಿನೆಣ್ಣೆ ಒಂದು ಲೀಟರ್, ಊದುಬತ್ತಿ, ಮಕ್ಕಳಿಗೆ ಸುರಸುರ ಬತ್ತಿ ನಾಲ್ಕು ಪೆಟ್ಟಿಗೆ. ಈ ವರ್ಷ ಬೆಲ್ಲ ಅರ್ಧ ಕಿಲೋ, ಎಣ್ಣೆ ಕಾಲು ಲೀಟರ್, ಸುರಸುರ ಬತ್ತಿ ಒಂದು ಪೆಟ್ಟಿಗೆ. ಸಾಬೂನಿನ ಬೆಲೆ ಇಳಿದಿದೆ ಅಕ್ಕ, ಜಿಎಸ್‌ಟಿ ಕಮ್ಮಿ ಮಾಡಿದ್ದಾರೆ ಎಂದೆ. ಅಂಗಡಿಯವನ ಚಟ, ಏನನ್ನಾದರೂ ಮಾರಬೇಕು. ಇರಲಿ ತಮ್ಮಾ, ಮನೆಯಲ್ಲಿ ಚೂರಿದೆ ಎಂದಳು. ದುಡ್ಡು ಎಣಿಸಿ ಇಟ್ಟಳು. ಆಗ ನೋಡಿದೆ. ಬೆರಳು ವಾಸಿಯಾಗಿದೆ. ತುದಿ ಕೆಂಪಗೆ, ಸೀಳು ಕೂಡಿಕೊಂಡು, ಉಗುರು ಪೂರ್ತಿ ಬೆಳೆದಿದೆ. ಚೆಂದದ ಕೈ. ಎಷ್ಟೋ ವರ್ಷದ ಮೇಲೆ ಅವಳ ಕೈ ಹಾಗೆ ಕಂಡಿದ್ದು. ನಾನು ಏನೂ ಹೇಳಲಿಲ್ಲ, ಅವಳೂ ವ್ಯಾಸಲೀನ್ ಕೇಳಲಿಲ್ಲ.

ನಿಮ್ಮಲ್ಲಿ ನಾನು ಕೇಳುವುದು ಸುಂಕ ತೆಗೆಯಿರಿ ಎಂದಲ್ಲ. ಅದು ದಿಲ್ಲಿ ಮತ್ತು ವಾಷಿಂಗ್ಟನ್ನಿನ ನಡುವಿನ ಮಾತು, ಮಾತಾಡಲು ಕಲಿತವರು ಎರಡೂ ಕಡೆ ಇದ್ದಾರೆ. ನಿಮ್ಮದೇ ಮೇಲ್ಮನವಿ ನ್ಯಾಯಾಲಯ ಆಗಸ್ಟ್ 29ರಂದು, ಈ ಸುಂಕ ಹಾಕಲು 1977ರ ತುರ್ತು ಕಾಯ್ದೆಯಲ್ಲಿ ಅಧಿಕಾರವಿಲ್ಲ ಎಂದಿದೆ. ಅದು ಸುಪ್ರೀಂ ಕೋರ್ಟಿನಲ್ಲಿದೆ. ಅದರಲ್ಲೂ ನಾನು ಬಾಯಿ ಹಾಕುವುದಿಲ್ಲ.

ನಾನು ಕೇಳುವುದು ನೀವು ಈಗಾಗಲೇ ಒಪ್ಪಿದ ಒಂದು ಸಂಗತಿ. ಆಗಸ್ಟ್‌ನ ಆದೇಶದಲ್ಲಿ ಒಂದು ವಿನಾಯಿತಿ ಕೊಟ್ಟಿದ್ದೀರಿ. 27ಕ್ಕೆ ಮುಂಚೆ ಹಡಗೇರಿದ ಸರಕು ಸೆಪ್ಟೆಂಬರ್ 17ರೊಳಗೆ ಬಂದು ಮುಟ್ಟಿದರೆ ಹೆಚ್ಚುವರಿ ಸುಂಕ ಇಲ್ಲ. ದಾರಿಯಲ್ಲಿ ಇರುವುದಕ್ಕೆ ನಡುವೆ ಲೆಕ್ಕ ಬದಲಿಸಬಾರದು ಎಂಬ ನ್ಯಾಯ ನಿಮ್ಮವರಿಗೂ ಹೊಳೆದಿದೆ ಎಂದಾಯಿತು. ಅದೇ ನ್ಯಾಯವನ್ನು ಹೊಂಡಕ್ಕೂ ಕೊಡಿ. ಮರಿ ನೀರಿಗೆ ಬಿದ್ದ ದಿನವೇ ಶೆಟ್ಲಿ ನಿಮ್ಮ ಬಂದರಿಗೆ ಹೊರಟಿದೆ. ಹಡಗಿನಲ್ಲಿ ಇರುವುದು ಕೊನೆಯ ಕೆಲವು ವಾರ. ಅದಕ್ಕೂ ಮುಂಚಿನ ನೂರಿಪ್ಪತ್ತು ದಿನ ಭಾವನ ಹೊಂಡದಲ್ಲಿ, ಏರೇಟರಿನ ಸದ್ದಿನಲ್ಲಿ ಕಳೆದಿರುತ್ತದೆ. ಹೇಳುವುದನ್ನು ಮರಿ ಬಿಡುವ ಮೊದಲು ಹೇಳಿ. ಹತ್ತಾದರೆ ಹತ್ತು, ಐವತ್ತಾದರೆ ಐವತ್ತು. ಐವತ್ತು ಎಂದರೆ ಭಾವ ಮರಿ ಬಿಡುವುದಿಲ್ಲ, ಹೊಂಡ ಒಡೆದು ಕಗ್ಗ ಬಿತ್ತುತ್ತಾನೋ, ಗೋವೆಗೆ ಕೆಲಸಕ್ಕೆ ಹೋಗುತ್ತಾನೋ, ಅದು ಅವನ ತೀರ್ಮಾನ. ಬಿಟ್ಟ ಮೇಲೆ ನೂರಿಪ್ಪತ್ತು ದಿನ ಆ ಹಲಗೆಯನ್ನು ಎತ್ತಬೇಡಿ, ಇಳಿಸಬೇಡಿ.

ಈಗ ಮರಿ ಬಿಡುವ ಕಾಲ ಬಂದಿದೆ, ಹೊಳೆ ಉಪ್ಪಾಗುತ್ತಿದೆ. ಹ್ಯಾಚರಿಯವರು ನವೆಂಬರ್ 5ರೊಳಗೆ ಮುಂಗಡ ಕಳಿಸಿ ಎಂದಿದ್ದಾರೆ. ನಿಮ್ಮ ಸುಪ್ರೀಂ ಕೋರ್ಟಿನಲ್ಲಿ ಸುಂಕದ ವಾದ ಶುರುವಾಗುವುದೂ ಅದೇ ದಿನ ಎಂದು ಪೇಪರಿನಲ್ಲಿದೆ. ಭಾವ ನಿನ್ನೆ ಬಂದು ಇಪ್ಪತ್ತು ಸಾವಿರ ಕೇಳಿದ. ಹಬ್ಬದ ವ್ಯಾಪಾರ ಕಳೆದು ನನ್ನ ಡ್ರಾಯರಿನಲ್ಲಿ ಹನ್ನೆರಡು ಇದೆ. ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಟ್ಟಿದ್ದೇನೆ. ಕೊಡುತ್ತೇನೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಇಂತಿ,
ಅಘನಾಶಿನಿ ದಂಡೆಯ ಒಬ್ಬ ಅಂಗಡಿಯವ